ಕನ್ನಡದ ಕುಲಪುರೋಹಿತ ಆಲೂರು ವೆಂಕಟರಾಯರು

ಪೂರ್ವಜರ ಹಿರಿಮೆಯನ್ನು ಹೇಳಿಕೊಂಡು ಹೆಮ್ಮೆಪಡುವುದು ಎಲ್ಲ ಜನಾಂಗಗಳಲ್ಲಿಯೂ ಕಂಡುಬರುವ ಸ್ವಭಾವ. ಆದರೆ ನಾವು ಗಳಿಸದ ಕೀರ್ತಿಯಲ್ಲಿ ನಮಗೇನು ಪಾಲು? ಹೊಸಪೇಟೆಯಿಂದ ಹಂಪಿಗೆ ಹೋಗಿಬರುವ ವಿದ್ಯಾರ್ಥಿಗಳನ್ನು ಈ ಪ್ರಶ್ನೆ ಕಾಡದಿರದು. ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರು ಆಲೂರು ವೆಂಕಟರಾಯರು.

ಅವರು ಜನಿಸಿದ್ದು ೧೮೮೦ರ ಜುಲೈ ೧೨ರಂದು, ವಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಾನೂನು ಓದಿ, ಧಾರವಾಡದಲ್ಲಿ ವಕೀಲರಾದರು. ಪುಣೆಯಲ್ಲಿದ್ದಾಗ ಲೋಕಮಾನ್ಯ ತಿಲಕರ ಪ್ರಭಾವ ಅವರ ಮೇಲಾಯಿತು. ಅಲ್ಲಿ ಶಿವಾಜಿಯ ಸ್ಮರಣೆ ಮರಾಠಿಗರನ್ನು ಎಚ್ಚರಿಸಿತ್ತು. ಕನ್ನಡನಾಡಾದರೋ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ನಮ್ಮ ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತದಲ್ಲಿದ್ದುವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು.

೧೯೦೫ರಲ್ಲಿ ವೆಂಕಟರಾಯರು ಹಂಪಿಗೆ ಬಂದರು. ವಿರೂಪಾಕ್ಷನ ಸನ್ನಿಧಿಯಲ್ಲಿ, ಹಾಳುಬಿದ್ದ ರಾಜಧಾನಿಯ ನಡುವೆ, ಅವರ ಬಾಳಿನ ದಿಕ್ಕೇ ಬದಲಾಯಿತು. ವಿಜಯನಗರದ ಅರಸರು ಅವರ ರಕ್ತಸಂಬಂಧಿಗಳಲ್ಲ. ಆದರೂ ಆ ನಾಶವನ್ನು ಅವರು ತಮ್ಮ ಮನೆಯ ನಷ್ಟವೆಂದೇ ಬಗೆದರು. ಮರುಗಿ ಸುಮ್ಮನಾಗಲಿಲ್ಲ. ೧೯೦೭ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಹೊರತಂದರು. ವರ್ಷಗಟ್ಟಲೆ ಇತಿಹಾಸವನ್ನು ಅಭ್ಯಾಸಮಾಡಿ ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ವಕೀಲಿಯನ್ನು ತೊರೆದರು, ೧೯೨೨ರಲ್ಲಿ ‘ಜಯಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. ೧೯೩೦ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡದ ಅಭಿಮಾನವು ಭಾರತದ ಅಭಿಮಾನಕ್ಕೆ ವಿರೋಧಿಯಲ್ಲವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಇಂಥ ಅಭಿಮಾನಕ್ಕೂ ಒಂದು ಅಪಾಯವುಂಟು. ವೈಭವವನ್ನಷ್ಟೇ ಹುಡುಕುವ ಕಣ್ಣಿಗೆ ಉಳಿದದ್ದು ಕಾಣದೆಹೋಗಬಹುದು. ತುಳುವ ವಂಶದ ಕೃಷ್ಣದೇವರಾಯನು ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ. ಕಮಲ ಮಹಲಿನ ಕಮಾನುಗಳಲ್ಲಿ ಸುಲ್ತಾನರ ನಾಡಿನ ಶಿಲ್ಪರೀತಿ ಬೆರೆತಿದೆ. ಹಂಪಿಯ ಕಲ್ಲುಗಳನ್ನು ಯಾವುದೇ ಒಂದು ಕುಲದವರು ತಮ್ಮವೆಂದು ಕಟ್ಟಿಕೊಂಡು ಹೋಗುವಂತಿಲ್ಲ.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ಅಂದು ಎಪ್ಪತ್ತಾರು ವರ್ಷದ ವೆಂಕಟರಾಯರು ಹಂಪಿಗೆ ಬಂದು ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಸಲ್ಲಿಸಿದರು. ೧೯೬೪ರ ಫೆಬ್ರವರಿ ೨೫ರಂದು ಅವರು ಕಾಲವಾದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರಲ್ಲಿ; ಅದನ್ನು ಕಾಣಲು ಅವರಿರಲಿಲ್ಲ.

ಕನ್ನಡಿಗರು ಅವರನ್ನು ಕುಲಪುರೋಹಿತರೆಂದು ಕರೆದರು. ಆ ಕುಲಕ್ಕೆ ಸೇರಲು ವಂಶಾವಳಿ ಬೇಕಿರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಮನೆತನದಲ್ಲೇ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಹಿರಿಯರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಶಾಸನ ಬರೆಸಿದವರ ಜೊತೆಗೆ ಕಲ್ಲು ಹೊತ್ತವರೂ ಕಾಲುವೆ ತೋಡಿದವರೂ ಇದ್ದರಲ್ಲವೆ? ಅವರೂ ಪೂರ್ವಜರೇ. ಪಿತೃಋಣವೆಂಬ ಮಾತು ನಮ್ಮಲ್ಲಿ ಹಳೆಯದು. ಪೂರ್ವಜರ ಹೆಮ್ಮೆಯನ್ನು ವೆಂಕಟರಾಯರು ಋಣವೆಂದು ತಿಳಿದು ಜೀವಮಾನವೆಲ್ಲ ದುಡಿದು ತೀರಿಸಿದರು. ಹಾಗೆ ತೀರಿಸುವ ಮನಸ್ಸಿದ್ದವರಿಗೆ ಆ ಹೆಮ್ಮೆ ಸಲ್ಲುತ್ತದೆ. ಬರಿದೆ ಹೇಳಿಕೊಳ್ಳುವವರಿಗೆ ಸಲ್ಲದು.