ಅಮೀರ್‌ಬಾಯಿ ಕರ್ನಾಟಕಿ

ಅಮೀರ್‌ಬಾಯಿ ಕರ್ನಾಟಕಿಯವರು ಹಿಂದಿ ಚಿತ್ರರಂಗದ ಗಾಯಕಿ ಹಾಗೂ ಅಭಿನೇತ್ರಿ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ ಇವರ ಹುಟ್ಟೂರು. ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹೆಸರು ಮಾಡಿದ ಗೋಹರ್‌ಬಾಯಿ ಇವರ ಸಹೋದರಿ. 1934ರ 'ವಿಷ್ಣುಭಕ್ತಿ'ಯಿಂದ ಚಿತ್ರರಂಗ ಪ್ರವೇಶಿಸಿದರೂ ನಿಜವಾದ ಕೀರ್ತಿ ದೊರೆತದ್ದು ಕಂಠದಿಂದ. ಬಾಂಬೆ ಟಾಕೀಸಿನ 'ಕಿಸ್ಮತ್' (1943) ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಹಾಡಿದ ಗೀತೆಗಳು ಮನೆಮಾತಾದವು. ಚಿತ್ರವು ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು.

ನಟ ಹಿಮಾಲಯವಾಲಾ ಅವರೊಡನೆ ಆದ ವಿವಾಹ ಮಾತ್ರ ಸಂಕಟಕ್ಕೆ ಕಾರಣವಾಯಿತು. ಅದರಿಂದ ಬಿಡುಗಡೆ ಹೊಂದಿ ಅವರು ವೃತ್ತಿಯಲ್ಲಿ ಮುಂದುವರಿದರು. ಹೊಸ ಗಾಯಕಿಯರು ಬಂದ ಮೇಲೆ ಹಾಡುವ ಅವಕಾಶಗಳು ಕುಗ್ಗಿ, ಪೋಷಕ ಪಾತ್ರಗಳೇ ಆಸರೆಯಾದವು. ಹುಟ್ಟುನಾಡಿನ ನಂಟು ಕಡಿದುಕೊಳ್ಳಲಿಲ್ಲವೆಂಬುದಕ್ಕೆ ವಿಜಯಪುರದ ಅಮೀರ್ ಟಾಕೀಸ್ ಸಾಕ್ಷಿ. 1965ರ ಮಾರ್ಚ್ 3ರಂದು ನಿಧನರಾದ ಅವರ ಸಮಾಧಿ ವಿಜಯಪುರದಲ್ಲಿದೆ. ರಹಮತ್ ತರೀಕೆರೆಯವರು ಕನ್ನಡದಲ್ಲಿ ಇವರ ಜೀವನಚರಿತ್ರೆ ಬರೆದಿದ್ದಾರೆ.