ಜೀನ್ ಡೊನೊವನ್: ಎಲ್ ಸಾಲ್ವಡೋರಿನ ಬಡವರ ಗೆಳತಿಯಾದ ಶ್ರೀಸಾಮಾನ್ಯ ಮಿಷನರಿ

ಮಿಷನರಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ನಿಲುವಂಗಿಯ ಗುರುಗಳು ಅಥವಾ ಧರ್ಮಭಗಿನಿಯರು. 1980ರ ಡಿಸೆಂಬರ್ 2ರಂದು ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡೋರಿನಲ್ಲಿ ಕೊಲೆಯಾದ ನಾಲ್ವರು ಅಮೆರಿಕನ್ ಮಹಿಳೆಯರಲ್ಲಿ ಮೂವರು ಧರ್ಮಭಗಿನಿಯರೇ ಆಗಿದ್ದರು. ನಾಲ್ಕನೆಯವರು ಜೀನ್ ಡೊನೊವನ್. ಅವರು ಶ್ರೀಸಾಮಾನ್ಯ ವಿಶ್ವಾಸಿ. ಆಗ ಅವರಿಗೆ ಕೇವಲ 27 ವರ್ಷ.

1953ರ ಏಪ್ರಿಲ್ 10ರಂದು ಜನಿಸಿದ ಜೀನ್, ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್ ಎಂಬ ಅನುಕೂಲಸ್ಥರ ಊರಿನಲ್ಲಿ ಬೆಳೆದರು. ತಂದೆ ಹೆಲಿಕಾಪ್ಟರ್ ತಯಾರಿಸುವ ಕಂಪೆನಿಯಲ್ಲಿ ಇಂಜಿನಿಯರ್. ಅಣ್ಣನಿಗೆ ಹಾಡ್ಜ್‌ಕಿನ್ಸ್ ಎಂಬ ಕ್ಯಾನ್ಸರ್ ಬಂದು, ಆತ ಗುಣಮುಖನಾದದ್ದನ್ನು ಜೀನ್ ಹತ್ತಿರದಿಂದ ಕಂಡರು. ಕಾಲೇಜು ದಿನಗಳಲ್ಲಿ ಒಂದು ವರ್ಷ ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯ ಕಾಲೇಜಿಗೆ ಹೋದಾಗ, ಪೆರು ದೇಶದಲ್ಲಿ ದುಡಿದು ಬಂದಿದ್ದ ವಂದನೀಯ ಮೈಕಲ್ ಕ್ರೌಲಿಯವರ ಸ್ನೇಹವಾಯಿತು. ಬಡವರ ವಿಷಯ ಅವರ ಮನಸ್ಸಿನಲ್ಲಿ ಬೇರೂರಿದ್ದು ಅಲ್ಲಿಯೇ.

ಹಾಗೆಂದು ಜೀನ್ ಊರಿಗೆ ಮರಳಿದೊಡನೆ ಮಿಷನರಿಯಾದರೆಂದು ಭಾವಿಸಬೇಡಿ. ಅವರು ವಾಣಿಜ್ಯ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕ್ಲೀವ್‌ಲ್ಯಾಂಡ್ ನಗರದಲ್ಲಿ ಆರ್ಥರ್ ಆಂಡರ್ಸನ್ ಎಂಬ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಉದ್ಯೋಗಕ್ಕೆ ಸೇರಿದರು. ಒಳ್ಳೆಯ ಸಂಬಳವಿತ್ತು, ಮೋಟಾರ್ ಸೈಕಲ್ ಇತ್ತು, ಗೆಳೆಯರ ದೊಡ್ಡ ಬಳಗವಿತ್ತು. ನಗುವುದು, ನಗಿಸುವುದು, ಮೋಜು ಮಾಡುವುದು ಅವರ ಸ್ವಭಾವ. ಇಂಥವರು ಮಿಷನ್‌ಗೆ ಹೊರಡುತ್ತೇನೆ ಎಂದಾಗ ಬಳಗದವರಿಗೆ ನಂಬಲು ಕಷ್ಟವಾಯಿತು. ಕ್ಲೀವ್‌ಲ್ಯಾಂಡ್ ಧರ್ಮಪ್ರಾಂತ್ಯವು 1964ರಿಂದ ಎಲ್ ಸಾಲ್ವಡೋರಿಗೆ ಸೇವಾ ತಂಡವನ್ನು ಕಳುಹಿಸುತ್ತಿತ್ತು. ಜೀನ್ ಆ ತಂಡಕ್ಕೆ ಸೇರಿ, ಮೇರಿನೋಲ್ ಸಂಸ್ಥೆಯಲ್ಲಿ ತರಬೇತಿ ಪಡೆದು, 1979ರಲ್ಲಿ ಕಡಲತೀರದ ಲಾ ಲಿಬರ್ತಾದ್ ಧರ್ಮಕೇಂದ್ರವನ್ನು ಮುಟ್ಟಿದರು.

ಅಲ್ಲಿ ಅವರ ಪಾಲಿಗೆ ಬಂದ ಮೊದಲ ಕೆಲಸ ಕಾರಿತಾಸ್ ಲೆಕ್ಕಪತ್ರ. ಚರ್ಚ್ ಸಮಿತಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಓದುಗರು ಇದನ್ನು ಗಮನಿಸಲಿ ಎಂಬುದು ನಮ್ಮ ಆಸೆ! ಉರ್ಸುಲೈನ್ ಸಭೆಯ ಸಿಸ್ಟರ್ ಡೊರೊತಿ ಕೇಜಲ್ ಅವರ ಜೊತೆಗಾರ್ತಿಯಾದರು. ಸೇನೆ ಮತ್ತು ಕೊಲೆಗಡುಕ ತಂಡಗಳ ಹಾವಳಿಗೆ ಹೆದರಿ ಹಳ್ಳಿ ಬಿಟ್ಟ ಕುಟುಂಬಗಳನ್ನು ಇಬ್ಬರೂ ಬಿಳಿ ವ್ಯಾನಿನಲ್ಲಿ ಆಶ್ರಯ ಶಿಬಿರಗಳಿಗೆ ಸಾಗಿಸುತ್ತಿದ್ದರು. ಅನ್ನ, ಔಷಧ, ಹಾಲಿನಪುಡಿಯೂ ಅದೇ ವ್ಯಾನಿನಲ್ಲಿ ಹೋಗುತ್ತಿತ್ತು.

ರಾಜಧಾನಿಯ ಕಥೀಡ್ರಲ್‌ನಲ್ಲಿ ಮಹಾಧರ್ಮಾಧ್ಯಕ್ಷ ಓಸ್ಕರ್ ರೊಮೆರೊರವರು ಅರ್ಪಿಸುತ್ತಿದ್ದ ಭಾನುವಾರದ ಬಲಿಪೂಜೆಗೆ ಜೀನ್ ಹೋಗುತ್ತಿದ್ದರು. ಅವರಿಗೆ ಬಿಸ್ಕತ್ತು ಮಾಡಿ ಕೊಂಡೊಯ್ಯುತ್ತಲೂ ಇದ್ದರು. 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ರೊಮೆರೊರವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಜೀನ್ ಮತ್ತು ಡೊರೊತಿ ಶವಪೆಟ್ಟಿಗೆಯ ಬಳಿ ಸರದಿಯಲ್ಲಿ ಜಾಗರಣೆ ನಿಂತರು. ಅಂತ್ಯಕ್ರಿಯೆಯ ದಿನ ಬಾಂಬ್ ಸಿಡಿದು ಗುಂಡು ಹಾರಿದಾಗ ಜನಸಂದಣಿಯೊಂದಿಗೆ ಕಥೀಡ್ರಲ್ ಒಳಗೆ ಸಿಲುಕಿಕೊಂಡರು. ಆ ನಂತರ ಹಲವು ವಿದೇಶೀಯರು ದೇಶ ಬಿಟ್ಟರು.

ಜೀನ್‌ಗೆ ಇನ್ನೂ ಹತ್ತಿರದ ಪೆಟ್ಟು ಬಿದ್ದದ್ದು ಜುಲೈ ತಿಂಗಳಲ್ಲಿ. ಧರ್ಮಕೇಂದ್ರದ ಇಬ್ಬರು ಯುವಕರು, ಇಬ್ಬರೂ ಅವರ ಆಪ್ತ ಸ್ನೇಹಿತರು, ಸಿನಿಮಾ ಮುಗಿಸಿ ಅವರನ್ನು ಮನೆಗೆ ತಲುಪಿಸಿದ ಸ್ವಲ್ಪ ಹೊತ್ತಿನಲ್ಲೇ ಗುಂಡಿಗೆ ಬಲಿಯಾದರು. ಜೀನ್ ಅಂಜಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವರಿಗೆ ಬಹಳ ಭಯವಿತ್ತು, ದೇವರ ಮೇಲೆ ಸಿಟ್ಟೂ ಬಂದಿತ್ತು. ಶರತ್ಕಾಲದಲ್ಲಿ ರಜೆ ಪಡೆದು ಮನೆಯವರನ್ನು ಕಂಡು, ಐರ್ಲೆಂಡಿಗೂ ಹೋಗಿಬಂದರು. ಮದುವೆಯಾಗಬೇಕೆಂದಿದ್ದ ಯುವಕ ಇದ್ದ, ಅಲ್ಲಿಯೇ ಉಳಿಯಬಹುದಿತ್ತು. ಆದರೆ ತಂದೆತಾಯಿ ಕಳೆದುಕೊಂಡ ಆ ಮಕ್ಕಳನ್ನು ಬಿಡಲು ಮನಸ್ಸಾಗದೆ ಮರಳಿದರು. ಸಾವಿಗೆ ಎರಡು ವಾರ ಮುಂಚೆ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿಯೂ ಈ ಮಕ್ಕಳದೇ ಚಿಂತೆ.

ಡಿಸೆಂಬರ್ 1ರ ರಾತ್ರಿ ಜೀನ್ ಮತ್ತು ಡೊರೊತಿ ಅಮೆರಿಕದ ರಾಯಭಾರಿ ರಾಬರ್ಟ್ ವೈಟ್ ಅವರ ಮನೆಯಲ್ಲಿ ಊಟ ಮಾಡಿ ಅಲ್ಲೇ ತಂಗಿದರು. ಮರುದಿನ ಸಂಜೆ ನಿಕರಾಗುವಾದಿಂದ ಬರುತ್ತಿದ್ದ ಮೇರಿನೋಲ್ ಸಭೆಯ ಸಿಸ್ಟರ್ ಇಟಾ ಫೋರ್ಡ್ ಮತ್ತು ಸಿಸ್ಟರ್ ಮೌರಾ ಕ್ಲಾರ್ಕ್ ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋದರು. ಹಿಂದಿರುಗುವಾಗ ಮಫ್ತಿಯಲ್ಲಿದ್ದ ನ್ಯಾಷನಲ್ ಗಾರ್ಡಿನ ಐವರು ವ್ಯಾನನ್ನು ತಡೆದರು. ನಾಲ್ವರನ್ನೂ ನಿರ್ಜನ ಸ್ಥಳಕ್ಕೆ ಒಯ್ದು, ಅತ್ಯಾಚಾರವೆಸಗಿ, ಗುಂಡಿಟ್ಟು ಕೊಂದರು. ಬೆಳಿಗ್ಗೆ ಶವಗಳನ್ನು ಕಂಡ ರೈತರಿಂದಲೇ ಗುಂಡಿ ತೋಡಿಸಿ ಹೂಳಿಸಲಾಯಿತು. ಸುದ್ದಿ ಸ್ಥಳೀಯ ಗುರುಗಳ ಕಿವಿಗೆ ಬಿದ್ದು, ಡಿಸೆಂಬರ್ 4ರಂದು ರಾಯಭಾರಿ ವೈಟ್ ಅವರ ಸಮ್ಮುಖದಲ್ಲೇ ಶವಗಳನ್ನು ಮೇಲೆತ್ತಲಾಯಿತು. ಎರಡು ದಿನಗಳ ಹಿಂದೆ ತಮ್ಮ ಮನೆಯಲ್ಲಿದ್ದ ಅತಿಥಿಗಳನ್ನು ಅವರು ಹೀಗೆ ನೋಡಬೇಕಾಯಿತು.

ಅಮೆರಿಕವು ಆ ಸರ್ಕಾರಕ್ಕೆ ನೆರವು ನಿಲ್ಲಿಸಿತು, ಕೆಲವೇ ವಾರಗಳಲ್ಲಿ ಪುನಃ ಕೊಟ್ಟಿತು. ತನಿಖೆ ನಡೆಯುತ್ತಿಲ್ಲವೆಂದು ಬಹಿರಂಗವಾಗಿ ಹೇಳಿದ ವೈಟ್ ಹುದ್ದೆ ಕಳೆದುಕೊಂಡರು. 1984ರಲ್ಲಿ ಐವರು ಗಾರ್ಡ್‌ಗಳಿಗೆ ತಲಾ 30 ವರ್ಷ ಸೆರೆವಾಸವಾಯಿತು. ಮೇಲಿನವರ ಆದೇಶದಂತೆ ಕೊಲೆ ನಡೆದಿತ್ತೆಂದೂ ಅಧಿಕಾರಿಗಳು ಅದನ್ನು ಮುಚ್ಚಿಟ್ಟರೆಂದೂ 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ ತಿಳಿಸಿತು. ಆಗಿನ ಇಬ್ಬರು ಜನರಲ್‌ಗಳು ಅಮೆರಿಕದಲ್ಲಿ ನೆಮ್ಮದಿಯಾಗಿ ನೆಲೆಸಿದ್ದರು. ಅವರನ್ನು ಗಡಿಪಾರು ಮಾಡಲು 2015 ಮತ್ತು 2016 ಬರಬೇಕಾಯಿತು. ಅಷ್ಟರಲ್ಲಿ 35 ವರ್ಷ ಕಳೆದಿತ್ತು.

ಇಟಾ ಮತ್ತು ಮೌರಾ ತಾವು ದುಡಿದ ಚಲಾತೆನಾಂಗೊದಲ್ಲೇ ಮಣ್ಣಾದರು. ಡೊರೊತಿಯವರನ್ನು ಕ್ಲೀವ್‌ಲ್ಯಾಂಡಿಗೆ ಒಯ್ದರು. ಜೀನ್ ಅವರ ಸಮಾಧಿ ಅವರ ತಂದೆತಾಯಿ ನೆಲೆಸಿದ್ದ ಫ್ಲೋರಿಡಾದ ಸರಸೋಟದಲ್ಲಿದೆ.