ಕಡಕೋಳ ಮಡಿವಾಳಪ್ಪನ ಪುಟ್ಟ ಸೆಟಪ್

ಸಣ್ಣ ಕೋಣೆಗೆ ಹೊಂದುವ ಮ್ಯೂಸಿಕ್ ಸೆಟಪ್ ಮಾಡ್ಕೋಬೇಕು ಅಂತ ತಿಂಗಳುಗಟ್ಟಲೆ ಸಿಂಥಸೈಜರ್, ಡ್ರಮ್ ಮಷೀನ್‌ಗಳ ಬೆಲೆ ನೋಡ್ತಾ ಕೂತಿದ್ದೆ. ಪಟ್ಟಿ ಬೆಳೀತಾನೇ ಇತ್ತು, ಒಂದು ಹಾಡೂ ಹುಟ್ಟಲಿಲ್ಲ. ಆಗ ನೆನಪಾದದ್ದು ನಮ್ಮ ಸೀಮೆಯ ಕಡಕೋಳ ಮಡಿವಾಳಪ್ಪ.

ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, 18ನೇ ಶತಮಾನದ ಉತ್ತರಾರ್ಧದಲ್ಲಿ. ನೆಲೆ ನಿಂತದ್ದು ಕಡಕೋಳದಲ್ಲಿ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ಯಡ್ರಾಮಿಗೆ ಸೇರಿದೆ. ತಾಯಿ ಗಂಗಮ್ಮ ವಿಧವೆ. ಆ ಕಾರಣಕ್ಕೇ ಮಗನ ಹುಟ್ಟನ್ನು ಎತ್ತಿ ಆಡಿದರು, ಮಡಿವಂತರು ದೂರ ಇಟ್ಟರು ಅಂತ ಈ ಭಾಗದ ಜನ ಇಂದಿಗೂ ಹೇಳ್ತಾರೆ. ಮಡಿವಾಳಪ್ಪ ಯಾರ ಅನುಮತಿಗೂ ಕಾಯಲಿಲ್ಲ. ಜಾತಿಯ ಸೊಕ್ಕನ್ನೂ ಗುರುಗಳ ಡಂಭವನ್ನೂ ಆಡುಮಾತಿನ ತತ್ವಪದಗಳಲ್ಲಿ ಬಯಲಿಗೆಳೆದರು. ಶಿಷ್ಯರಲ್ಲಿ ಬ್ರಾಹ್ಮಣರಾದ ಖೈನೂರ ಕೃಷ್ಣಪ್ಪ ಇದ್ದರು, ಮುಸ್ಲಿಮರಾದ ಚೆನ್ನೂರ ಜಲಾಲಸಾಹೇಬರೂ ಇದ್ದರು. ಇಬ್ಬರೂ ಪದ ಕಟ್ಟಿದರು.

ಆ ಪದಗಳು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅಮವಾಸ್ಯೆ ಭಜನೆಗಳಲ್ಲಿ ಉಳಿದು ಬಂದದ್ದು ಹೇಗೆ? ಏಕತಾರಿ, ದಮ್ಮಡಿ, ತಾಳ. ಮೂಲದಲ್ಲಿ ಬೇಕಾದ್ದು ಇಷ್ಟೇ. ಹಾರ್ಮೋನಿಯಂ ಸೇರಿದ್ದು ಆಮೇಲೆ. ಏಕತಾರಿಯ ಒಂದೇ ತಂತಿ ಹಾಡುವವರ ದನಿಗೆ ಶ್ರುತಿಯಾಗಿ ಬಿಡದೆ ಮಿಡಿಯುತ್ತೆ. ಒಂದು ಬದಿಗೆ ಚರ್ಮ ಬಿಗಿದ ದಮ್ಮಡಿ ನಡೆ ಕೊಡುತ್ತೆ, ಪದ ಏರಿದಂತೆ ತಾನೂ ಏರುತ್ತೆ. ಎರಡನ್ನೂ ಹೆಗಲಿಗೆ ಹಾಕ್ಕೊಂಡು ಊರೂರು ನಡೀಬಹುದು. ವೇದಿಕೆ ಬೇಡ, ಧಣಿಯೂ ಬೇಡ. ಹಾಗಾಗಿ ಯಾರ ಮರ್ಜಿಯೂ ಇಲ್ಲ.

ಯಂತ್ರಗಳಲ್ಲೂ ಇದು ಆಗದ್ದೇನಲ್ಲ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಬಿ-303, ಟಿಆರ್-808 ಇಟ್ಕೊಂಡು ಹತ್ತು ರಾಗಗಳ ಆಲ್ಬಮ್ ಮಾಡಿದ್ರು. ಮೂರೇ ಪೆಟ್ಟಿಗೆ.

ನಾನೂ ಪಟ್ಟಿ ಹರಿದು ಹಾಕಿದೆ. ಈಗ ಮೂರೇ ಪ್ರಶ್ನೆ ಕೇಳ್ತೀನಿ: ಈ ಸಿಂಥ್ ನನ್ನ ದನಿಯ ಶ್ರುತಿ ಹಿಡಿದು ಎಡೆಬಿಡದೆ ನಿಲ್ಲುತ್ತಾ? ಹಾಡ್ತಾ ಹಾಡ್ತಾನೇ ಈ ಡ್ರಮ್ ಮಷೀನಿನ ವೇಗ ಕೈಯಲ್ಲೇ ಬದಲಿಸಬಹುದಾ? ಕರೆಂಟ್ ಹೋದ್ರೂ ಬ್ಯಾಟರಿ ಮೇಲೆ ನಡೆಯುತ್ತಾ? ಮೂರಕ್ಕೂ ಹೌದು ಅಂದ್ರೆ ಹಳೇ ಮಾಡೆಲ್ ಆದ್ರೂ ಸಾಕು, ಸೆಕೆಂಡ್ ಹ್ಯಾಂಡ್ ಆದ್ರೂ ಸಾಕು.

ದುಬಾರಿ ಸಾಮಾನು ಇಲ್ಲದವರಿಗೆ ಹಾಡೋ ಹಕ್ಕಿಲ್ಲ ಅನ್ನೋದು ಹೊಸ ಕಾಲದ ಮಡಿವಂತಿಕೆ. ಮಡಿವಾಳಪ್ಪ ಹಳೆಯದನ್ನು ಕೇಳಲಿಲ್ಲ. ನಾವು ಇದನ್ನು ಯಾಕೆ ಕೇಳಬೇಕು?